ಅರಿವಳಿಕೆಯ ಅಳತೆ ಕಲಿತ ರೂಪಾಬಾಯಿ

ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರೆಂದು ಗುರುತಿಸಲ್ಪಡುವ ರೂಪಾಬಾಯಿ ಫರ್ದೂನ್‌ಜಿ ಹೈದರಾಬಾದಿನ ಪಾರ್ಸಿ ಮನೆತನದವರು. 1885ರಲ್ಲಿ ಅವರು ಹೈದರಾಬಾದ್ ವೈದ್ಯಶಾಲೆಯ ವಿದ್ಯಾರ್ಥಿನಿಯಾದರು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಳ್ವಿಕೆಯ ಕಾಲವದು. ಇಂದು ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡ ಸೀಮೆಯೂ ಬೀದರ್, ಕಲಬುರಗಿಗಳೂ ಆಗ ಒಂದೇ ರಾಜ್ಯದಲ್ಲಿದ್ದವು. ಆ ವೈದ್ಯಶಾಲೆ ಆ ಅರ್ಥದಲ್ಲಿ ಪಸ್ತಾಪುರಕ್ಕೂ ಪರಕೀಯವಲ್ಲ.

ಎಡಿನ್‌ಬರೋದಲ್ಲಿ ಕಲಿತ ಶಸ್ತ್ರವೈದ್ಯ ಎಡ್ವರ್ಡ್ ಲಾರಿ ಅಲ್ಲಿನ ಪ್ರಾಂಶುಪಾಲರಾಗಿದ್ದರು. ಶಸ್ತ್ರಚಿಕಿತ್ಸೆಯ ನೋವನ್ನು ಮರೆಸುತ್ತಿದ್ದ ಕ್ಲೋರೋಫಾರ್ಮ್ ಆಗಿನ ವೈದ್ಯರಿಗೆ ವರವೂ ಹೌದು, ಭಯವೂ ಹೌದು. 1848ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಬಾಲಕಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ, ಈ ಔಷಧಿಯಿಂದ ಕೆಲವೇ ನಿಮಿಷಗಳಲ್ಲಿ ಅಸುನೀಗಿದ್ದಳು. ಹಾಗಾದರೆ ಎಷ್ಟು ಕೊಡಬೇಕು? ಲಂಡನ್ನಿನವರು ಲೆಕ್ಕವನ್ನು ನಂಬಿದರು. ಜೋಸೆಫ್ ಕ್ಲೋವರ್ ದೊಡ್ಡ ಚೀಲವೊಂದರಲ್ಲಿ ಗಾಳಿಯನ್ನೂ ಆವಿಯನ್ನೂ ಬೆರೆಸಿ, ಆವಿಯ ಪಾಲು ನೂರಕ್ಕೆ ನಾಲ್ಕೂವರೆಯನ್ನು ಮೀರದಂತೆ ನೋಡಿಕೊಳ್ಳುತ್ತಿದ್ದರು. ರೋಗಿಯ ನಾಡಿಯ ಮೇಲೆ ಬೆರಳಿಟ್ಟೇ ಇರುತ್ತಿದ್ದರು. ಲಾರಿಯವರಿಗೆ ಈ ಯಂತ್ರಗಳಲ್ಲಿ ವಿಶ್ವಾಸವಿರಲಿಲ್ಲ. ತೆರೆದ ಟೊಪ್ಪಿಗೆಯೊಂದೇ ಅವರ ಸಾಧನ.

ರೂಪಾಬಾಯಿಯವರು ಕಲಿತದ್ದು ಈ ಎರಡನೆಯ ದಾರಿಯನ್ನು. ಸೀಸೆಯಲ್ಲಿ ಎಷ್ಟು ಕರಗಿತೆಂಬುದಕ್ಕಿಂತ ರೋಗಿ ಎಷ್ಟನ್ನು ಒಳಗೆಳೆದುಕೊಂಡನೆಂಬುದೇ ಇಲ್ಲಿ ನಿಜವಾದ ಪ್ರಮಾಣ. ಹೆದರಿದ ರೋಗಿ ಉಸಿರು ಬಿಗಿಹಿಡಿಯುತ್ತಾನೆ. ಬಿಟ್ಟೊಡನೆ ದೀರ್ಘವಾಗಿ ಎಳೆದುಕೊಳ್ಳುತ್ತಾನೆ. ಆ ಒಂದು ಉಸಿರಿನಲ್ಲಿ ಮಾರಕವಾಗುವಷ್ಟು ಆವಿ ಒಳಸೇರಬಹುದು. ಆದ್ದರಿಂದ ಉಸಿರು ನಿಂತ ಕ್ಷಣವೇ ಟೊಪ್ಪಿಗೆಯನ್ನು ಸರಿಸಬೇಕು. ಕಣ್ಣಿನ ಪಾರದರ್ಶಕ ಪಟಲವನ್ನು ಮುಟ್ಟಿದಾಗ ರೆಪ್ಪೆ ಮಿಡಿಯದಿದ್ದರೆ ಸಾಕಷ್ಟಾಯಿತೆಂದು ತಿಳಿದು ನಿಲ್ಲಿಸಬೇಕು. ಪುಸ್ತಕದಿಂದ ಬರುವ ವಿದ್ಯೆ ಇದಲ್ಲ.

1888ರಲ್ಲಿಯೂ 1889ರಲ್ಲಿಯೂ ನಿಜಾಮ ಸರ್ಕಾರದ ನೆರವಿನಿಂದ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ನೂರಾರು ನಾಯಿ, ಕೋತಿಗಳ ಮೇಲೆ ಪ್ರಯೋಗಗಳಾದವು. ಇಂದು ಓದುವಾಗ ಮನಸ್ಸು ಮುದುಡುತ್ತದೆ. ರೂಪಾಬಾಯಿಯವರು ಈ ಕಾರ್ಯದಲ್ಲಿ ಪಾಲ್ಗೊಂಡರು. 1889ರಲ್ಲಿ ಹಕೀಮ್ ಪದವಿಯನ್ನೂ ಪಡೆದರು. ಮೊದಲು ನಿಲ್ಲುವುದು ಉಸಿರೇ ಹೊರತು ಹೃದಯವಲ್ಲ, ಆದ್ದರಿಂದ ನಾಡಿಯನ್ನು ಬಿಟ್ಟು ಉಸಿರನ್ನು ನೋಡಿ ಎಂಬುದು ಆಯೋಗದ ತೀರ್ಮಾನ.

ತೀರ್ಮಾನ ಪೂರ್ಣ ಸತ್ಯವಾಗಿರಲಿಲ್ಲ. ಅರಿವಳಿಕೆ ಹಗುರವಾಗಿರುವಾಗಲೇ ಕ್ಲೋರೋಫಾರ್ಮ್ ಹೃದಯದ ಲಯವನ್ನು ಕೆಡಿಸಿ ಕೊಲ್ಲಬಲ್ಲದೆಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದರು. ಉಸಿರಿನ ಮೇಲೆ ಕಣ್ಣಿಡುವ ಶಿಸ್ತು ಮಾತ್ರ ಸುಳ್ಳಾಗಲಿಲ್ಲ. ಗುರುವಿನ ಸಿದ್ಧಾಂತಕ್ಕಿಂತ ಗುರು ಕಲಿಸಿದ ಕೈಕೆಲಸ ಹೆಚ್ಚು ಕಾಲ ಬಾಳಿತೆನ್ನಬೇಕು.

ಎರಡು ದಶಕಗಳ ಕಾಲ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ನೀಡಿದ ರೂಪಾಬಾಯಿಯವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅನುಭವದಿಂದ ಗೊತ್ತಿದ್ದ ಅಳತೆಯ ಹಿಂದಿನ ಶಾಸ್ತ್ರವನ್ನು ಅರಿಯಲೆಂದು 1909ರಲ್ಲಿ ಸಮುದ್ರ ದಾಟಿ ಎಡಿನ್‌ಬರೋಗೆ ಹೋದರು. ಅಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಅಭ್ಯಾಸ ಮಾಡಿ ಮರಳಿ ಹೈದರಾಬಾದಿನ ಆಸ್ಪತ್ರೆಯ ಕೆಲಸಕ್ಕೇ ಬಂದರು.