ಕಾಲೇಜು ಬಿಟ್ಟ ಚಿಮ್ಮ ಫೀಲ್ಡ್ ಮಾರ್ಷಲ್ ಆದ!

ಗದಗ: ಅಂತೂರ ಬೆಂತೂರದಂಥ ಊರುಗಳಿಂದ ದಿನಾ ಬಸ್ ಹತ್ತಿ ಕಾಲೇಜಿಗೆ ಬರುವ ಹುಡುಗರಲ್ಲಿ ಮಿಲಿಟರಿ ಹುಚ್ಚಿನವರು ಕಮ್ಮಿಯಿಲ್ಲ. ಆದರೆ ಹೆಚ್ಚಿನವರ ಲಕ್ಷ್ಯ ಭರ್ತಿ ಮೈದಾನದ ಓಟದ ಮೇಲೆ. ಸಿಪಾಯಿ ಆಗುವುದು ಒಂದು ದಾರಿ, ಆಫೀಸರ್ ಆಗುವುದು ಇನ್ನೊಂದೇ ದಾರಿ ಎಂಬುದು ಎಷ್ಟೋ ಮನೆಗಳಿಗೆ ಇನ್ನೂ ತಿಳಿದಿಲ್ಲ. ಈ ಎರಡನೇ ದಾರಿಯ ಬಾಗಿಲು ತೆರೆದ ಹೊಸದರಲ್ಲೇ ಒಳಗೆ ನುಗ್ಗಿದ ಕನ್ನಡ ನಾಡಿನ ಕಾಲೇಜು ಹುಡುಗನೇ ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ.

ಹುಟ್ಟಿದ್ದು 1899ರ ಜನವರಿ 28, ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರರು. ಮನೆಮಂದಿ ಕರೆಯುತ್ತಿದ್ದ ಹೆಸರು ಚಿಮ್ಮ. ಮಡಿಕೇರಿಯಲ್ಲಿ ಹೈಸ್ಕೂಲು ಮುಗಿಸಿ 1917ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಓದಿನ ಜೊತೆಗೆ ಹಾಕಿ, ಟೆನ್ನಿಸ್ಸೂ ಇತ್ತು.

ಆಗಿನ ದಂಡಿನ ಕಥೆ ಕೇಳ್ರಿ. ನಮ್ಮವರು ಎಷ್ಟೇ ಶೂರರಿದ್ದರೂ ಜಮಾದಾರ, ಸುಬೇದಾರ, ಸುಬೇದಾರ್ ಮೇಜರ್, ಅಲ್ಲಿಗೆ ಮುಗೀತು. ನಿನ್ನೆ ಮೊನ್ನೆ ಹಡಗಿಳಿದು ಬಂದ ಮೀಸೆ ಮೂಡದ ಇಂಗ್ಲಿಷ್ ಲೆಫ್ಟಿನೆಂಟನಿಗೂ ತಲೆ ನರೆತ ಸುಬೇದಾರ ಸಲಾಮು ಹೊಡೆಯಬೇಕು! ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯರು ಹೋರಾಡಿದ ಮೇಲೆ 1917ರಲ್ಲಿ ಸರಕಾರ ಮಣಿಯಿತು. ರಾಜನ ಕಮಿಷನ್ ಭಾರತೀಯರಿಗೂ ಸಿಗುವುದೆಂದಾಯಿತು.

ಈ ಸುದ್ದಿ ಕಾಲೇಜಿನಲ್ಲಿದ್ದ ಕಾರ್ಯಪ್ಪನವರ ಕಿವಿಗೂ ಬಿತ್ತು. ಅರ್ಜಿ ಹಾಕಿಯೇಬಿಟ್ಟರು. 70 ಅರ್ಜಿಗಳಲ್ಲಿ ಆರಿಸಿದ್ದು 42 ಮಂದಿಯನ್ನು. ಅದರಲ್ಲಿ ಇವರೂ ಒಬ್ಬರು. ತರಬೇತಿ ಇಂದೂರಿನ ಡೇಲಿ ಕಾಲೇಜಿನಲ್ಲಿ. ಡಿಗ್ರಿ ಅಲ್ಲಿಗೇ ನಿಂತಿತು. ಮುಂದೆ ಏನಾದೀತೆಂದು ನೋಡಿ ಕಲಿಯಲು ಆ ದಾರಿಯಲ್ಲಿ ಹೋಗಿ ಬಂದ ಹಿರಿಯರು ಯಾರೂ ಇರಲಿಲ್ಲ ಎಂಬುದನ್ನು ಮರೆಯಬಾರದು.

1919ರ ಡಿಸೆಂಬರ್ 1ರಂದು ಏಳನೇ ಸ್ಥಾನದಲ್ಲಿ ಪಾಸಾಗಿ ಹೊರಬಂದರು. ಮೊದಲ ನೇಮಕ ಮುಂಬಯಿಯಲ್ಲಿದ್ದ ಕರ್ನಾಟಿಕ್ ಇನ್‌ಫೆಂಟ್ರಿಗೆ. ಆದರೆ ಸಿಕ್ಕಿದ್ದು ತಾತ್ಪೂರ್ತಿಕ ಕಮಿಷನ್. ಕಾಯಂ ಆಗಿದ್ದು 1922ರಲ್ಲಿ, ಅದೂ 1920ರ ಜುಲೈ 17ರಿಂದ ಲೆಕ್ಕ. ಆ ತಾರೀಖೇ ಯಾಕೆ? ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತ ಭಾರತೀಯರ ಮೊದಲ ತಂಡ ಜುಲೈ 16ಕ್ಕೆ ಹೊರಬಂದಿತ್ತು. ಅವರಿಗಿಂತ ಏಳು ತಿಂಗಳು ಮೊದಲೇ ಪಾಸಾದವರನ್ನು ಒಂದೇ ದಿನದ ಲೆಕ್ಕದಲ್ಲಿ ಕಿರಿಯರನ್ನಾಗಿ ಮಾಡಿದರು. ಸರಕಾರಿ ನೌಕರಿಯಲ್ಲಿದ್ದವರಿಗೆ ಸೀನಿಯಾರಿಟಿಯ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಕಾರ್ಯಪ್ಪ ಬಿಟ್ಟು ಓಡಲಿಲ್ಲ. ಮೆಸಪೊಟೇಮಿಯಾಕ್ಕೆ ಹೋಗಿ ಬಂದರು. ಮುಂದೆ ರಜಪೂತ ರೆಜಿಮೆಂಟೇ ಮನೆಯಾಯಿತು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅಧಿಕಾರಿ, 1942ರಲ್ಲಿ ಬೆಟಾಲಿಯನ್ ಮುನ್ನಡೆಸಿದ ಮೊದಲ ಭಾರತೀಯ. 1949ರ ಜನವರಿ 15ಕ್ಕೆ ಜನರಲ್ ಬುಚರ್ ಕೈಯಿಂದ ಇಡೀ ಸೈನ್ಯದ ಹೊಣೆ ಹೊತ್ತರು. ಪ್ರತಿ ವರ್ಷ ಸೇನಾ ದಿನ ನಡೆಯುವುದು ಅದೇ ನೆನಪಿಗೆ. 1953ರಲ್ಲಿ ನಿವೃತ್ತಿ. 1971ರಲ್ಲಿ ಲೋಕಸಭೆಗೆ ನಿಂತು ಸೋತದ್ದೂ ಉಂಟು. ರಾಜಕಾರಣ ಅವರಿಗೆ ಒಗ್ಗುವ ಮಾಲಲ್ಲ!

ಈಗ ದಾರಿ ಅಷ್ಟು ಕಗ್ಗತ್ತಲಾಗಿಲ್ಲ. ಪಿಯುಸಿ ಓದುವವರಿಗೆ ಎನ್.ಡಿ.ಎ. ಪರೀಕ್ಷೆ, 2022ರಿಂದ ಹುಡುಗಿಯರಿಗೂ ಅಲ್ಲಿ ಪ್ರವೇಶ. ಡಿಗ್ರಿಯವರಿಗೆ ಸಿ.ಡಿ.ಎಸ್. ಎರಡೂ ವರ್ಷಕ್ಕೆ ಎರಡು ಸಲ. ಎನ್.ಸಿ.ಸಿ. 'ಸಿ' ಸರ್ಟಿಫಿಕೇಟು ಇದ್ದವರಿಗೆ ಬೇರೆಯೇ ಬಾಗಿಲು. ಎಲ್ಲಕ್ಕೂ ಕೊನೆಗೆ ಐದು ದಿನಗಳ ಸಂದರ್ಶನ. ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ.

ಕಾರ್ಯಪ್ಪನವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ, ನಿವೃತ್ತರಾಗಿ 33 ವರ್ಷಗಳ ಮೇಲೆ. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ 94 ವಯಸ್ಸು. ಮಡಿಕೇರಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಇನ್ನೊಬ್ಬ ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಬಂದಿದ್ದರು.