ಬಿಜ್ಜಳನ ಓಲಗದಲ್ಲಿ ಬಸವಣ್ಣನವರು

ಶ್ರೀ ಬಸವೇಶ್ವರರ ಚರಿತ್ರವನ್ನು ಭಕ್ತಜನರು ಪುರಾಣಶ್ರವಣದ ಮೂಲಕ ಬಾಲ್ಯದಿಂದಲೂ ಬಲ್ಲರು. ಭಕ್ತಿಭಂಡಾರಿಯೆಂದೂ ಶರಣಸಮೂಹದ ನಾಯಕರೆಂದೂ ಅವರು ಎಲ್ಲರ ಹೃದಯದಲ್ಲಿ ನೆಲೆಗೊಂಡಿರುವರು. ಆದರೆ ಆ ಮಹಾತ್ಮರು ತಮ್ಮ ಆಯುಷ್ಯದ ಬಹುಭಾಗವನ್ನು ಒಬ್ಬ ಅರಸನ ಕೈಕೆಳಗಿನ ಉದ್ಯೋಗಸ್ಥರಾಗಿ ಕಳೆದರೆಂಬುದೂ, ಆ ಅರಸನು ಸುಲಭವಾಗಿ ತೃಪ್ತನಾಗುವ ಒಡೆಯನಾಗಿರಲಿಲ್ಲವೆಂಬುದೂ ಅಷ್ಟಾಗಿ ನೆನಪಿಗೆ ಬರುವದಿಲ್ಲ. ಒಂದು ಕಡೆ ಅರಮನೆಯ ಬೊಕ್ಕಸ, ಇನ್ನೊಂದು ಕಡೆ ಮಹಾಮನೆಯ ದಾಸೋಹ. ಇವೆರಡರ ನಡುವೆ ಅವರು ಒಂದು ಮೇರೆಯನ್ನಿಟ್ಟುಕೊಂಡು ಬಾಳಿದರು. ಆ ಮೇರೆ ಎಲ್ಲಿತ್ತು, ಅದನ್ನು ಹೇಗೆ ಕಾಯ್ದುಕೊಂಡರು, ಕಡೆಗೆ ಅದನ್ನು ಕಾಯುವದಕ್ಕಾಗಿ ಏನನ್ನು ಬಿಟ್ಟುಕೊಟ್ಟರು ಎಂಬ ದೃಷ್ಟಿಯಿಂದ ನೋಡಿದರೆ ಬಹುಪರಿಚಿತವಾದ ಈ ಚರಿತ್ರವು ಹೊಸದಾಗಿ ಕಾಣುವದು.

ಮೊದಲು ಒಡೆಯನ ಸಂಗತಿ. ಬಿಜ್ಜಳನು ಕಳಚುರ್ಯ ವಂಶದವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ತೈಲಪನ ಕೈಕೆಳಗೆ ಮಹಾಮಂಡಲೇಶ್ವರನಾಗಿ, ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವಾಡದಿಂದ ಆಳುತ್ತಿದ್ದನು. ಒಡೆಯನ ಬಲ ಕುಗ್ಗಿದ್ದನ್ನು ಕಂಡು ಸುಮಾರು ಕ್ರಿ. ಶ. ೧೧೫೭ರಿಂದ ಸ್ವತಂತ್ರನಂತೆ ವರ್ತಿಸತೊಡಗಿ, ೧೧೬೨ರ ಹೊತ್ತಿಗೆ ಸಾಮ್ರಾಜ್ಯದ ಬಿರುದುಗಳನ್ನೆಲ್ಲ ಧರಿಸಿ ಕಲ್ಯಾಣದ ಸಿಂಹಾಸನದಲ್ಲಿ ಕುಳಿತನು. ತಾನೇ ಒಬ್ಬ ಒಡೆಯನಿಗೆ ಎರಡು ಬಗೆದು ಮೇಲೇರಿದವನಿಗೆ ತನ್ನ ಸೇವಕರ ನಿಷ್ಠೆಯಲ್ಲಿ ನಂಬಿಗೆ ನಿಲ್ಲುವದು ಕಷ್ಟ. ಸಾಮಂತರನ್ನು ಅಂಕೆಯಲ್ಲಿಡುವದಕ್ಕೆ ಸೇನೆ ಬೇಕು, ಸೇನೆಗೆ ಹೊನ್ನು ಬೇಕು, ಹೊನ್ನನ್ನು ಕಾಯುವವನು ತನ್ನವನೇ ಆಗಿರಬೇಕು. ಇಂಥ ಅರಸನಿಗೆ ಭಂಡಾರಿಯ ದುಡಿಮೆಯೊಂದೇ ಸಾಲದು. ಅವನ ಮನೆ, ಅವನ ಪಂಕ್ತಿ, ಅವನ ಮನಸ್ಸು ಎಲ್ಲವೂ ತನ್ನ ಇಚ್ಛೆಗೆ ಒಳಪಟ್ಟಿರಬೇಕೆಂಬ ಆಶೆ ಹುಟ್ಟುವದು.

ಅಂಥವನ ಬಳಿಗೆ ಬಂದ ಬಸವಣ್ಣನವರು ಬಾಗೇವಾಡಿಯ ಮಾದರಸ-ಮಾದಲಾಂಬೆಯರ ಮಗನು, ಅಕ್ಕನಾಗಮ್ಮನ ತಮ್ಮನು. ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿರುವ ೧೨೬೦ರ ಶಾಸನವು ತರ್ದವಾಡಿ ನಾಡಿನ ಬಾಗೇವಾಡಿಯನ್ನೂ, ಮಾದಿರಾಜನನ್ನೂ, ಸಂಗನಬಸವನನ್ನೂ ಹೆಸರಿಸಿರುವದರಿಂದ ಪುರಾಣಗಳ ಈ ಮಾತಿಗೆ ಕಲ್ಲಿನ ಆಧಾರವೂ ದೊರೆತಂತಾಯಿತು. ಜನಿವಾರವನ್ನು ಎಳೆವಯಸ್ಸಿನಲ್ಲಿಯೇ ಬೇಡವೆಂದರೆಂದು ಕೆಲವು ಪುರಾಣಗಳು, ತೊಟ್ಟ ಮೇಲೆ ಹರಿದೊಗೆದರೆಂದು ಹರಿಹರನ ರಗಳೆ. ಹೇಗೇ ಇರಲಿ, ಹುಟ್ಟಿದ ಮನೆಯ ಹಿರಿಯರಿಗೇ ಇಷ್ಟು ಮಾತ್ರ ಸಾಧ್ಯ, ಇದಕ್ಕೆ ಮೇಲೆ ಆಗದೆಂದು ಹೇಳಿ ಹೊರಟವರು ಅವರು. ಕೃಷ್ಣಾ ಮಲಪ್ರಭೆಗಳು ಕೂಡುವ ಸಂಗಮಕ್ಕೆ ಹೋಗಿ ಗುರುವಿನ ಸನ್ನಿಧಿಯಲ್ಲಿ ನಿಂತರು.

ಅಲ್ಲಿಂದ ಅರಮನೆಗೆ ಬಂದ ಬಗೆಯನ್ನು ಹರಿಹರನು ಹೇಳಿರುವ ರೀತಿ ವಿಚಾರಾರ್ಹವಾಗಿದೆ. ಸಂಗಮನಾಥನೇ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಕೊಟ್ಟನು. ಬಸವಣ್ಣನವರು ಆ ಸ್ಥಾನವನ್ನು ಅಗಲಲಾರದೆ ದುಃಖಪಟ್ಟರು. ಕಡೆಗೆ ಆಜ್ಞೆಗೆ ತಲೆವಾಗಿ ನಡೆದರು. ಅಂದರೆ ಅರಸನ ಓಲಗವನ್ನು ಹಿಡಿಯುವದಕ್ಕೆ ಮೊದಲೇ ಅವರಿಗೆ ಬೇರೊಬ್ಬ ಒಡೆಯನು ನಿಶ್ಚಿತನಾಗಿದ್ದನು. ಮಂಗಳವಾಡದಲ್ಲಿ ಕರಣಿಕರ ನಡುವೆ ಕುಳಿತು ಅವರ ಲೆಕ್ಕದಲ್ಲಿದ್ದ ತಪ್ಪನ್ನು ಎತ್ತಿ ತೋರಿಸಿ, ಸಿದ್ಧದಂಡನಾಥನ ಮೆಚ್ಚುಗೆಗೆ ಪಾತ್ರರಾಗಿ, ಮುಂದೆ ಭಂಡಾರದ ಅಧಿಕಾರವನ್ನು ಪಡೆದರೆಂದು ರಗಳೆಯು ಹೇಳುವದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ ಅದನ್ನನುಸರಿಸಿ ೧೩೬೯ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಪುರಾಣವೂ ಮಾವನಾದ ಬಲದೇವ ಮಂತ್ರಿಯ ತರುವಾಯ ಆ ಪದವಿ ಬಂತೆನ್ನುವವು. ಎರಡರಲ್ಲಿಯೂ ಒಂದು ಮಾತು ಸಮಾನ: ಪದವಿಯು ಅವರನ್ನು ಹುಡುಕಿಕೊಂಡು ಬಂದಿತೇ ಹೊರತು ಅವರು ಪದವಿಯನ್ನು ಬೇಡಿಕೊಳ್ಳಲಿಲ್ಲ. ಬೇಡದೆ ಬಂದವನಿಗೆ ಬಿಟ್ಟು ಹೋಗುವದು ಕಠಿಣವಲ್ಲ. ಒಡೆಯನ ಮುಂದೆ ನಿಲ್ಲುವಾಗ ಇದೊಂದು ದೊಡ್ಡ ಬಲ.

ಭಂಡಾರಿಯ ಕೆಲಸದಲ್ಲಿ ಅವರು ಕೊರತೆಮಾಡಿದರೆಂದು ಶರಣರ ಪುರಾಣಗಳು ಹೇಳುವದಿಲ್ಲ. ಮೊದಲು ತಿಳಿಯತಕ್ಕ ಸಂಗತಿಯೇ ಇದು. ಅರಸನಿಗೆ ಸಲ್ಲತಕ್ಕದ್ದನ್ನು ಪೂರ್ಣವಾಗಿ ಸಲ್ಲಿಸಿದವನೇ ಸಲ್ಲದ್ದನ್ನು ಕೊಡೆನೆಂದು ಹೇಳಬಲ್ಲನು. ಲೆಕ್ಕದಲ್ಲಿ ಒಂದು ಹಾಗವನ್ನು ಕದ್ದವನಿಗೆ ಆ ಬಾಯಿ ಎಲ್ಲಿಂದ ಬರಬೇಕು? ಇತ್ತ ಅವರ ಮಹಾಮನೆಯಲ್ಲಿ ಜಂಗಮ ದಾಸೋಹವು ಎಡೆಬಿಡದೆ ನಡೆಯುತ್ತಿತ್ತು. ದೂರದೂರದಿಂದ ಶರಣರು ಬಂದು ಸೇರುತ್ತಿದ್ದರು. ಗಂಗಾಂಬಿಕೆ ನೀಲಾಂಬಿಕೆಯರು ಆ ದೊಡ್ಡ ಸಂಸಾರವನ್ನು ನಡೆಸುತ್ತಿದ್ದರು. ಇದನ್ನು ಕಂಡು ಸಹಿಸದವರು ಓಲಗದಲ್ಲಿ ಇದ್ದೇ ಇದ್ದರು. ಅವರಲ್ಲಿ ಕೊಂಡೆಯ ಮಂಚಣ್ಣನ ಹೆಸರು ಪುರಾಣಪ್ರಸಿದ್ಧವಾದದ್ದು. ಇಷ್ಟು ಜನಕ್ಕೆ ಅನ್ನವಿಕ್ಕುವ ಹೊನ್ನು ಒಬ್ಬ ಸೇವಕನ ಸಂಬಳದಿಂದ ಹೊರಡಲಾರದು, ಅರಸನ ಬೊಕ್ಕಸವೇ ಸೋರುತ್ತಿದೆ ಎಂದು ಅವರು ಬಿಜ್ಜಳನ ಕಿವಿಯಲ್ಲಿ ಊದಿದರು.

ಅರಸನು ಕರೆಸಿ ಕೇಳಿದನು. ಆಗ ಬಸವಣ್ಣನವರು ನಡೆದುಕೊಂಡ ರೀತಿಯಲ್ಲಿ ಅವರ ಸ್ವಭಾವವೆಲ್ಲ ಅಡಗಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಹಿಂದಿನ ಸೇವೆಯನ್ನು ಎತ್ತಿ ಆಡಲಿಲ್ಲ, ನಂಬಿರೆಂದು ಅಂಗಲಾಚಲೂ ಇಲ್ಲ. ಪರಧನವು ತಮಗೆ ಬೇಡವೆಂದೂ, ಸಂದೇಹವಿದ್ದರೆ ಭಂಡಾರವನ್ನು ತೆಗೆಸಿ ಎಣಿಸಿಕೊಳ್ಳಬಹುದೆಂದೂ ಹೇಳಿದರು. ಎಣಿಸಿದಾಗ ಒಂದು ಹೊನ್ನೂ ಕಡಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಶಿವನ ಮಹಿಮೆಯೆಂದು ವರ್ಣಿಸಿರುವರು. ಭಕ್ತರಿಗೆ ಅದು ಹಾಗೆಯೇ ಸರಿ. ಲೌಕಿಕ ದೃಷ್ಟಿಯಿಂದಲೂ ಅದರಲ್ಲಿ ಅರ್ಥವುಂಟು. ಅರಮನೆಯ ಹೊನ್ನಿಗೂ ತಮ್ಮ ದುಡಿಮೆಯ ಹೊನ್ನಿಗೂ ಅವರು ಎಂದೂ ಬೆರಕೆಯನ್ನು ಮಾಡಿರಲಿಲ್ಲ. ನಾಳೆಗೆಂದು ಒಂದೆಳೆ ಬಟ್ಟೆಯನ್ನೂ ಕೂಡಿಡೆನೆಂಬ ಅರ್ಥದ ಅವರ ವಚನವು ಪ್ರಸಿದ್ಧವಾಗಿದೆ. ಅರಸನ ಲೆಕ್ಕವು ಅರಸನ ಮುಂದೆ ಎಂದೂ ತೆರೆದಿರುವದು. ತನ್ನ ಕೂಲಿಯನ್ನು ಯಾರಿಗೆ ಉಣಿಸಿದೆನೆಂಬುದು ಅರಸನು ಕೇಳತಕ್ಕ ಮಾತಲ್ಲ. ಇದೇ ಅವರ ಮೊದಲನೆಯ ಮೇರೆ.

ಎರಡನೆಯದು ಇನ್ನೂ ಬಿಗಿಯಾದದ್ದು. ಅಸ್ಪೃಶ್ಯರೆನಿಸಿಕೊಂಡವರ ಕೇರಿಯಲ್ಲಿದ್ದ ಕಂಬಳಿಯ ನಾಗಿದೇವರೆಂಬ ಶರಣರ ಮನೆಗೆ ಬಸವಣ್ಣನವರು ಹೋಗಿ ಪ್ರಸಾದವನ್ನು ಸ್ವೀಕರಿಸಿದರು. ಅಲ್ಲಿ ಉಂಡವನು ನೆಟ್ಟಗೆ ಓಲಗಕ್ಕೆ ಬಂದು ಎಲ್ಲರನ್ನೂ ಮುಟ್ಟುವನೆಂಬ ದೂರು ಹುಟ್ಟಿತು. ಇಲ್ಲಿ ಹೊನ್ನಿನ ಪ್ರಶ್ನೆಯಿಲ್ಲ. ಸೇವಕನು ತನ್ನ ಹೊತ್ತಿನಲ್ಲಿ ಯಾರ ಮನೆಯಲ್ಲಿ ಉಣ್ಣಬೇಕೆಂಬುದನ್ನು ಒಡೆಯನು ನಿಯಮಿಸಬಹುದೇ ಎಂಬ ಪ್ರಶ್ನೆ. ಪವಾಡದ ಭಾಗವನ್ನು ಭಕ್ತರು ಪುರಾಣದಲ್ಲಿಯೇ ಓದಿಕೊಳ್ಳಬೇಕು. ಗಮನಿಸತಕ್ಕದ್ದೇನೆಂದರೆ, ಬಸವಣ್ಣನವರು ಇನ್ನು ಮೇಲೆ ಹೋಗೆನೆಂದು ಮಾತು ಕೊಡಲಿಲ್ಲ. ಕದ್ದು ಹೋಗುವೆನೆಂದು ಬಗೆಯಲೂ ಇಲ್ಲ. ಶಿವಭಕ್ತನಿಗೆ ಕುಲವಿಲ್ಲವೆಂಬುದನ್ನು ಸಭೆಯ ಮುಂದೆಯೇ ಸ್ಥಾಪಿಸಿ, ಮರುದಿನ ಎಂದಿನಂತೆ ತಮ್ಮ ಕೆಲಸಕ್ಕೆ ಕುಳಿತರು.

ಅರಸನ ಸಂಶಯಕ್ಕಿಂತಲೂ ಅವರಿಗೆ ಹೆಚ್ಚು ನೋವನ್ನು ತಂದದ್ದು ತಮ್ಮವರ ಮಾತೇ ಇರಬೇಕು. ಶಿವಭಕ್ತನಾಗಿಯೂ ಭವಿಯಾದ ಬಿಜ್ಜಳನ ಗದ್ದುಗೆಯ ಕೆಳಗೆ ಕುಳಿತು ಓಲೈಸುವನೆಂದು ಕೆಲವರು ಆಡಿಕೊಂಡರೆಂಬುದು ಅವರ ವಚನದಿಂದಲೇ ತಿಳಿಯುವದು. ಎಂಥ ಹೀನವಾದ ಕೆಲಸವನ್ನಾದರೂ ಮಾಡಿ ದಾಸೋಹವನ್ನು ನಡೆಸುವೆನೇ ಹೊರತು ನನ್ನ ಒಡಲಿಗಾಗಿ ದುಡಿಯೆನು ಎಂಬುದು ಅವರ ಉತ್ತರದ ಸಾರ. ಅರಸನು ಶರಣರ ಪಕ್ಷವೆಂದು ಶಂಕಿಸಿದನು, ಶರಣರಲ್ಲಿ ಕೆಲವರು ಅರಸನ ಆಳೆಂದು ಜರೆದರು. ಮೇರೆಯ ಮೇಲೆ ನಿಂತವನಿಗೆ ಎರಡು ಕಡೆಯ ಕಲ್ಲೂ ತಪ್ಪದು.

ತಾವೇ ಒಡೆಯನ ಸ್ಥಾನದಲ್ಲಿ ನಿಂತಾಗ ಅವರು ಹೇಗಿದ್ದರೆಂಬುದಕ್ಕೆ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಕಥೆ ಸಾಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನವರ ಕಾಯಕ. ಒಮ್ಮೆ ಬಸವಣ್ಣನವರು ಪರೀಕ್ಷಾರ್ಥವಾಗಿ ಹೆಚ್ಚು ಚೆಲ್ಲಿಸಲು, ಮಾರಯ್ಯನವರು ಹೆಚ್ಚಾಗಿಯೇ ತಂದರು. ಲಕ್ಕಮ್ಮನವರು ದಿನದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದರು. ದೊಡ್ಡವರ ಮನೆಯ ಉದಾರತೆಗೂ ಒಂದು ಬಡವೆಯು ಎಲ್ಲೆಯನ್ನಿಟ್ಟಳು. ಇದರಿಂದ ಬಸವಣ್ಣನವರಿಗೆ ಆದದ್ದು ಅಸಮಾಧಾನವಲ್ಲ, ಆನಂದ. ಬಿಜ್ಜಳನಿಗೂ ಅವರಿಗೂ ಇದ್ದ ಅಂತರವು ಇಷ್ಟರಿಂದಲೇ ತಿಳಿಯುವದು.

ಕಡೆಯ ಪ್ರಕರಣವು ದುಃಖಕರವಾದದ್ದು. ಪಾದರಕ್ಷೆಯ ಕಾಯಕದ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣರಾದ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಅದು ವರ್ಣಸಂಕರವೆಂದು ಓಲಗದವರು ಕೂಗೆಬ್ಬಿಸಿದರೆಂದೂ ತರುವಾಯದ ಪುರಾಣಗಳು ವಿಸ್ತರಿಸಿರುವವು. ಸೋಮನಾಥನಲ್ಲಿ ಮದುವೆಯ ಮಾತಿಲ್ಲ. ಆ ಇಬ್ಬರು ಶರಣರ ಕಣ್ಣನ್ನು ಬಿಜ್ಜಳನು ಕೀಳಿಸಿದನೆಂದು ಮಾತ್ರ ಇದೆ. ಆನೆಯ ಕಾಲಿಗೆ ಕಟ್ಟಿ ಎಳೆಸಿದನೆಂದು ಇನ್ನೊಂದು ಪರಂಪರೆ. ಕಾರಣ ಏನೇ ಇರಲಿ, ನಿರಪರಾಧಿಗಳಾದ ಶರಣರಿಗೆ ಕ್ರೂರಶಿಕ್ಷೆಯಾದದ್ದರಲ್ಲಿ ಎಲ್ಲರೂ ಏಕವಾಕ್ಯವಾಗಿರುವರು.

ಅಲ್ಲಿಯವರೆಗೆ ಅರಸನು ಕೇಳುತ್ತಿದ್ದದ್ದು ಬಸವಣ್ಣನವರ ಹೊತ್ತನ್ನು, ಲೆಕ್ಕವನ್ನು, ಹೆಚ್ಚೆಂದರೆ ಅವರ ಪಂಕ್ತಿಯ ವಿಷಯವನ್ನು. ಅವುಗಳಿಗೆ ಉತ್ತರ ಹೇಳಬಹುದಾಗಿತ್ತು, ಹೇಳಿದರು. ಈಗ ಈ ಕಾರ್ಯವು ನಡೆದ ರಾಜ್ಯದ ಮುದ್ರೆಯನ್ನು ಕೈಯಲ್ಲಿ ಹಿಡಿದು ನಿಲ್ಲಬೇಕೆಂಬುದು ಬಂತು. ಇದಕ್ಕೆ ಉತ್ತರವಿರಲಿಲ್ಲ. ಅಧಿಕಾರದಲ್ಲಿದ್ದುಕೊಂಡೇ ಅರಸನನ್ನು ತಿದ್ದಬಹುದಾಗಿತ್ತೆಂದು ವಾದಿಸುವವರು ಉಂಟು. ಆದರೆ ಎಷ್ಟೋ ವರುಷ ಅದೇ ಪ್ರಯತ್ನವನ್ನು ಮಾಡಿ ನೋಡಿದವರಿಗೆ ಆ ಮಾತನ್ನು ಹೇಳುವದು ಸುಲಭವಲ್ಲ. ಅವರು ಕಲ್ಯಾಣವನ್ನು ಬಿಟ್ಟು ಹೊರಟರು.  ಬಂದಾಗ ಹೇಗೆ ಬರಿಗೈಯಲ್ಲಿ ಬಂದಿದ್ದರೋ ಹಾಗೆಯೇ ಸಂಗಮಕ್ಕೆ ಹಿಂದಿರುಗಿದರು.

ಅವರು ಹೋದ ಮೇಲೆ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಜಗದೇವಾದಿಗಳಿಂದ ಬಿಜ್ಜಳನು ಹತನಾದನೆಂದು ಪುರಾಣಗಳು ಹೇಳುವವು. ಶಾಸನಗಳಿಂದ ತಿಳಿಯುವದು ಬೇರೆ: ೧೧೬೭-೬೮ರ ಸುಮಾರಿಗೆ ಮಗನಾದ ಸೋವಿದೇವನಿಗೆ ರಾಜ್ಯವು ಬಂದಿತು. ಶರಣರು ಚೆದುರಿದರು. ಚೆನ್ನಬಸವಣ್ಣನವರೇ ಮುಂತಾದವರು ಉಳವಿಯ ದಾರಿಯನ್ನು ಹಿಡಿದರು. ಕಳಚುರ್ಯರ ಆಳಿಕೆಯೂ ಬಹುಕಾಲ ನಿಲ್ಲದೆ ಎರಡು ದಶಕಗಳೊಳಗಾಗಿ ಅಳಿಯಿತು.

ಸಂಗಮದಲ್ಲಿ ಬಸವಣ್ಣನವರು ಬಹುದಿನ ಇರಲಿಲ್ಲ. ಅಂತ್ಯಕಾಲವು ಸಮೀಪಿಸಿತೆಂದು ತಿಳಿದು ಹಡಪದ ಅಪ್ಪಣ್ಣನವರನ್ನು ಕಲ್ಯಾಣಕ್ಕೆ ಕಳುಹಿಸಿದರು. ಆ ಕಳುಹಿಸಿಕೆಯಲ್ಲಿ ಅರಮನೆಗೆ ಒಂದು ಮಾತೂ ಇರಲಿಲ್ಲ. ಇದ್ದದ್ದು ನೀಲಾಂಬಿಕೆಗೆ ಕರೆ ಮಾತ್ರ. ಆ ತಾಯಿಯು ಹೊರಟು ಕೃಷ್ಣೆಯ ದಡದ ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣನವರು ಸಂಗಮನಾಥನಲ್ಲಿ ಐಕ್ಯರಾಗಿದ್ದರು. ಅವಳು ನದಿಯನ್ನು ದಾಟಲಿಲ್ಲ. ತಂಗಡಗಿಯಲ್ಲಿಯೇ ಲಿಂಗೈಕ್ಯಳಾದಳು.