ವಿಕ್ಟೋರಿಯಾ ಗೌರಮ್ಮ

ವಿಕ್ಟೋರಿಯಾ ಗೌರಮ್ಮ (1841–1864) ಕೊಡಗಿನ ಹಾಲೇರಿ ರಾಜವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಹಾಗೂ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿ. ಹೆಸರಿನ ಸಾಮ್ಯದಿಂದಾಗಿ ಈಕೆಯನ್ನು ಕಥೆಗಾರ್ತಿ ಕೊಡಗಿನ ಗೌರಮ್ಮನೆಂದು (1912–1939) ತಪ್ಪಾಗಿ ತಿಳಿಯುವುದುಂಟು. ಇಬ್ಬರಿಗೂ ಯಾವುದೇ ಸಂಬಂಧವಿಲ್ಲ.

ಬಾಲ್ಯ ಮತ್ತು ಇಂಗ್ಲೆಂಡ್ ಪ್ರಯಾಣ

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೊಡಗನ್ನು ವಶಪಡಿಸಿಕೊಂಡು ರಾಜನನ್ನು ಗಡೀಪಾರು ಮಾಡಿತು. ಮೊದಲು ವೆಲ್ಲೂರು, ಬಳಿಕ ಕಾಶಿ ಆತನ ವಾಸಸ್ಥಾನಗಳಾದವು. ಗೌರಮ್ಮ ಜನಿಸಿದ್ದು ಕಾಶಿಯಲ್ಲಿ. 1852ರಲ್ಲಿ ರಾಜನು ಹನ್ನೊಂದರ ಹರೆಯದ ಮಗಳೊಡನೆ ಇಂಗ್ಲೆಂಡಿಗೆ ಹೋದನು. ಕಂಪನಿಯ ವಶದಲ್ಲಿದ್ದ ಕುಟುಂಬದ ಹಣವನ್ನು ಮರಳಿ ಪಡೆಯುವುದು ಆತನ ಮುಖ್ಯ ಉದ್ದೇಶವಾಗಿತ್ತು. ಮಗಳನ್ನು ಕ್ರೈಸ್ತ ಧರ್ಮದಲ್ಲಿ ಬೆಳೆಸಲು ಆತನೇ ಒಪ್ಪಿಗೆ ನೀಡಿದ್ದನು. ಅದೇ ವರ್ಷದ ಬೇಸಿಗೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಕೆಗೆ ದೀಕ್ಷಾಸ್ನಾನ ಮಾಡಿಸಿದರು. ರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಆಕೆಗೆ ನೀಡಿದಳು. ಚಿತ್ರಕಾರ ವಿಂಟರ್‌ಹಾಲ್ಟರ್ ರಚಿಸಿದ ಆಕೆಯ ಭಾವಚಿತ್ರವೂ ಶಿಲ್ಪಿ ಮರೋಚೆಟ್ಟಿ ಕಡೆದ ಎದೆಮಟ್ಟದ ಪ್ರತಿಮೆಯೂ ರಾಜಮನೆತನದ ಸಂಗ್ರಹದಲ್ಲಿವೆ.

ರಾಜಕುಮಾರಿಯನ್ನು ಡ್ರಮಂಡ್ ದಂಪತಿಗಳ ಪೋಷಣೆಗೆ ಒಪ್ಪಿಸಲಾಯಿತು. ಮುಂದೆ ಆ ಹೊಣೆ ಲೇಡಿ ಲಾಗಿನ್ ಅವರದಾಯಿತು. ತಂದೆಯ ಪ್ರಭಾವಕ್ಕೆ ಮತ್ತೆ ಸಿಲುಕಬಾರದೆಂದು ತಂದೆ ಮಗಳ ಭೇಟಿಗೆ ಕಟ್ಟುಪಾಡು ವಿಧಿಸಲಾಗಿತ್ತು. ಒಪ್ಪಿಗೆ ಕೊಡುವಾಗ ರಾಜನು ಇದನ್ನು ನಿರೀಕ್ಷಿಸಿರಲಾರನು.

ವಿವಾಹದ ಪ್ರಯತ್ನಗಳು

ಗೌರಮ್ಮ ಬೆಳೆದ ಇಂಗ್ಲೆಂಡಿನಲ್ಲಿ ಪ್ರೇಮಸಂದೇಶದ ಪತ್ರಗಳ ಮೋಹ ಬಹಳವಾಗಿತ್ತು. ಫೆಬ್ರವರಿ 14ರ ವ್ಯಾಲೆಂಟೈನ್ ದಿನದಂದು ಪ್ರೇಮದ ಓಲೆ ಬರೆಯುವ ರೂಢಿ ಅಲ್ಲಿ ಶತಮಾನಗಳಷ್ಟು ಹಳೆಯದು. 1477ರಲ್ಲಿ ಮಾರ್ಜರಿ ಬ್ರೂಸ್ ಎಂಬ ಯುವತಿ ತಾನು ವರಿಸಲಿದ್ದ ಜಾನ್ ಪ್ಯಾಸ್ಟನ್‌ನಿಗೆ ಬರೆದ ಅಂತಹ ಪತ್ರ ಇಂದಿಗೂ ಉಳಿದಿದೆ. ಆದರೆ ಅಂಚೆಯ ದರ ದೂರವನ್ನು ಅವಲಂಬಿಸಿದ್ದು, ಸಾಮಾನ್ಯವಾಗಿ ಪತ್ರ ಪಡೆದವರೇ ಹಣ ತೆರಬೇಕಾಗಿತ್ತು. 1840ರ ಜನವರಿ 10ರಂದು ದೇಶಾದ್ಯಂತ ಒಂದೇ ಪೆನ್ನಿಯ ದರ ಜಾರಿಗೆ ಬಂದ ಮೇಲೆ ಈ ರೂಢಿ ಜನಸಾಮಾನ್ಯರ ಕೈಗೆಟುಕಿತು. ಕಸೂತಿಯಂತೆ ರಂಧ್ರ ಕೊರೆದ ಕಾಗದ, ಉಬ್ಬು ಅಚ್ಚಿನ ಹೂಬಳ್ಳಿ, ರೇಷ್ಮೆ ಪಟ್ಟಿ ಇವುಗಳಿಂದ ಅಲಂಕರಿಸಿದ ಪತ್ರಗಳು ಅಂಗಡಿಗಳಿಗೆ ಬಂದವು. ಕಳುಹಿಸಿದವರ ಹೆಸರು ಬರೆಯದಿರುವುದೇ ಅವುಗಳ ಸೊಗಸು. ಹಿರಿಯರ ಅನುಮತಿಯಿಲ್ಲದೆ ಮಾತನಾಡಲಾಗದ ಯುವಕ ಯುವತಿಯರಿಗೆ ಇದೊಂದು ಮುಚ್ಚುಮರೆಯ ದಾರಿಯಾಗಿತ್ತು.

ಪೆನ್ನಿ ಅಂಚೆ ಆರಂಭವಾದ ಮರುತಿಂಗಳೇ ರಾಣಿಯು ತಾನು ಮೆಚ್ಚಿದ ಆಲ್ಬರ್ಟ್‌ನನ್ನು ವಿವಾಹವಾದಳು. ವಿವಾಹದ ಪ್ರಸ್ತಾಪವನ್ನು ಮುಂದಿಟ್ಟವಳೂ ಆಕೆಯೇ. ಧರ್ಮಪುತ್ರಿಗೆ ಮಾತ್ರ ವರನನ್ನು ರಾಣಿಯೇ ಗೊತ್ತುಮಾಡಲು ಹೊರಟಳು. 1854ರಲ್ಲಿ ಇಂಗ್ಲೆಂಡಿಗೆ ಬಂದ ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ಕೂಡ ಕ್ರೈಸ್ತನಾಗಿದ್ದನು. ಇಬ್ಬರೂ ರಾಜ್ಯ ಕಳೆದುಕೊಂಡ ಮನೆತನದವರು. ಇವರ ವಿವಾಹದಿಂದ ಭಾರತದಲ್ಲಿ ಕ್ರೈಸ್ತ ಧರ್ಮಕ್ಕೆ ಬಲ ಬಂದೀತೆಂಬ ಆಸೆ ಆಸ್ಥಾನದಲ್ಲಿತ್ತು. ದುಲೀಪನು ಗೌರಮ್ಮನೊಡನೆ ಸ್ನೇಹದಿಂದಿದ್ದರೂ ಆಕೆಯನ್ನು ವರಿಸಲು ಒಪ್ಪಲಿಲ್ಲ. ಹರೆಯದ ಹುಡುಗಿಗೆ ಈ ನಿರಾಕರಣೆ ಎಷ್ಟು ನೋವು ತಂದಿರಬೇಕೆಂಬುದನ್ನು ಊಹಿಸಬಹುದು.

ಮದುವೆ ಮತ್ತು ಕೊನೆಯ ದಿನಗಳು

1859ರಲ್ಲಿ ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲಿ ತೀರಿಕೊಂಡನು. ಹಣಕ್ಕಾಗಿ ಹೂಡಿದ್ದ ದಾವೆಯಿಂದ ಆತನ ಕುಟುಂಬಕ್ಕೆ ಏನೂ ದೊರೆಯಲಿಲ್ಲ. ಮರುವರ್ಷ ಗೌರಮ್ಮ ಲೇಡಿ ಲಾಗಿನ್‌ರ ಸೋದರ, ಸೇನಾಧಿಕಾರಿ ಜಾನ್ ಕ್ಯಾಂಪ್‌ಬೆಲ್‌ನನ್ನು ವಿವಾಹವಾದಳು. ಆತ ವಿಧುರ, ವಯಸ್ಸಿನಲ್ಲಿ ಆಕೆಗಿಂತ ಬಹಳ ಹಿರಿಯ. 1861ರಲ್ಲಿ ಈಡಿತ್ ವಿಕ್ಟೋರಿಯಾ ಗೌರಮ್ಮ ಎಂಬ ಮಗಳು ಹುಟ್ಟಿದಳು. ಅಜ್ಜನ ನಾಡಿನ ಹೆಸರೊಂದು ಮಗುವಿನ ಹೆಸರಿನಲ್ಲಿ ಉಳಿದದ್ದು ಗಮನಾರ್ಹ.

ಕ್ಷಯರೋಗಕ್ಕೆ ತುತ್ತಾದ ಗೌರಮ್ಮ 1864ರ ಮಾರ್ಚ್ 30ರಂದು, ತನ್ನ ಇಪ್ಪತ್ಮೂರನೆಯ ವರ್ಷದಲ್ಲಿ, ಲಂಡನ್ನಿನಲ್ಲಿ ನಿಧನಳಾದಳು. ಆಕೆಯ ಸಮಾಧಿ ಅಲ್ಲಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅದೇ ವರ್ಷದ ಜೂನ್‌ನಲ್ಲಿ ದುಲೀಪ್ ಸಿಂಗ್ ಈಜಿಪ್ಟಿನಲ್ಲಿ ತಾನು ಆರಿಸಿಕೊಂಡ ಬಂಬಾ ಮುಲ್ಲರ್‌ಳನ್ನು ಮದುವೆಯಾದನು.

ಸಾಹಿತ್ಯದಲ್ಲಿ

ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಚಿಕವೀರ ರಾಜೇಂದ್ರ' ಕಾದಂಬರಿಯಿಂದ ತಂದೆಯ ಕಥೆ ಕನ್ನಡಿಗರಿಗೆ ಚಿರಪರಿಚಿತ. ಮಗಳ ಬದುಕು ಅಷ್ಟಾಗಿ ಬೆಳಕಿಗೆ ಬಂದಿರಲಿಲ್ಲ. ಕೊಡಗಿನ ಲೇಖಕ ಸಿ. ಪಿ. ಬೆಳ್ಳಿಯಪ್ಪ ಇಂಗ್ಲಿಷಿನಲ್ಲಿ ಬರೆದ ಜೀವನಚರಿತ್ರೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ.